ಬಯಾಸ್ ಅಪ್‌ಡೇಟ್ ಮತ್ತು ಅಕ್ಕ ಕೇಳಿದ ಎರಡು ಪ್ರಶ್ನೆ

ನಮ್ಮ ಹಾಸ್ಟೆಲ್‌ನಲ್ಲಿ ಬಯಾಸ್ ವಿಷಯಕ್ಕೆ ಎರಡು ಪಕ್ಷಗಳಿವೆ. ಒಂದು ‘ಅಪ್‌ಡೇಟ್ ಬಂತಾ, ಹಾಕ್ಬಿಡು ಮಗಾ’ ಪಕ್ಷ. ಇನ್ನೊಂದು ‘ಮುಟ್ಟಬೇಡ, ಸತ್ತೋಗುತ್ತೆ’ ಪಕ್ಷ. ಮೊದಲನೆಯವರಿಗೆ ವರ್ಷನ್ ನಂಬರ್ ದೊಡ್ಡದಾಗಿದ್ದರೆ ಸಾಕು, ಬೇರೆ ಕಾರಣ ಬೇಕಿಲ್ಲ. ಎರಡನೆಯವರಿಗೆ ಯಾರೋ ಸೀನಿಯರ್ ಒಬ್ಬರ ಮದರ್‌ಬೋರ್ಡ್ ಹೋದ ಕಥೆ ಸಾಕು. ಆ ಸೀನಿಯರ್ ಯಾವ ಬ್ರಾಂಚು, ಯಾವ ಬ್ಯಾಚು ಅಂತ ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ. ಚರ್ಚೆ ರಾತ್ರಿ ಮ್ಯಾಗಿ ಹೊತ್ತಿಗೆ ಶುರುವಾಗಿ, ಮ್ಯಾಗಿ ಮುಗಿಯುವಷ್ಟರಲ್ಲಿ ಕ್ರಿಕೆಟ್‌ಗೆ ಹೋಗಿರುತ್ತೆ.

ನಾವು ಮೂವರು ಒಂದೇ ರೂಮಿನವರು: ಒಬ್ಬ ಗದಗದವನು, ಒಬ್ಬ ಹಾಸನದವನು, ಒಬ್ಬ ಬೆಂಗಳೂರಿನವನು. ಈ ಸೆಮಿಸ್ಟರ್‌ನಲ್ಲಿ ನಮ್ಮ ರೂಮಿನ ಮೂರು ಕಂಪ್ಯೂಟರ್‌ಗಳ ಬಗ್ಗೆಯೂ ಈ ನಿರ್ಧಾರ ಮಾಡಬೇಕಾಗಿ ಬಂತು. ಮೂರಕ್ಕೂ ಮೂರು ಬೇರೆ ಬೇರೆ ಉತ್ತರ ಸಿಕ್ಕಿತು. ಅದನ್ನೇ ಇಲ್ಲಿ ಬರೀತಿದ್ದೀವಿ. ನಾವೆಲ್ಲ ಇಂಗ್ಲಿಷ್ ಮೀಡಿಯಂ, ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರೆಯುವುದು ಇದೇ ಮೊದಲು. ಕಾಗುಣಿತದ ಜವಾಬ್ದಾರಿಯನ್ನು ಕನ್ನಡ ಸಂಘದ ಎಡಿಟರ್‌ಗಳಿಗೆ ಒಪ್ಪಿಸಿದ್ದೀವಿ.

ಮೊದಲ ಕಂಪ್ಯೂಟರ್ ಗದಗದವನದು. ಸೆಕೆಂಡ್ ಹ್ಯಾಂಡ್ ಅಸೆಂಬಲ್ಡ್ ಡೆಸ್ಕ್‌ಟಾಪ್. ಬಿ450 ಚಿಪ್‌ಸೆಟ್‌ನ ಮದರ್‌ಬೋರ್ಡ್, ಅದರ ಮೇಲೆ ಎಎಂಡಿ ರೈಜನ್ 3 3200ಜಿ ಪ್ರೊಸೆಸರ್. ಕೊಡಿಸಿದ್ದು ಅವನ ಅಕ್ಕ. ಅವರು ಮನೆಯಲ್ಲೇ ಟೈಲರಿಂಗ್ ಮಾಡ್ತಾರೆ. ಬ್ಲೌಸ್, ಫಾಲ್, ಪೀಕೋ, ಮದುವೆ ಸೀಸನ್ ಬಂದರೆ ರಾತ್ರಿ ಹನ್ನೆರಡರವರೆಗೂ ಮೆಷಿನ್ ಸದ್ದು ಫೋನಿನಲ್ಲೇ ಕೇಳಿಸುತ್ತೆ. ನಮ್ಮ ಮೂವರ ಮಿನಿ ಪ್ರಾಜೆಕ್ಟ್ ಓಡುವುದೂ ಇದೇ ಡೆಸ್ಕ್‌ಟಾಪ್‌ನಲ್ಲಿ. ಎಲೆಯ ಫೋಟೊ ನೋಡಿ ರೋಗ ಗುರುತಿಸುವ ಪ್ರೋಗ್ರಾಮ್ ಅದು. ನಾಲ್ಕು ಕೋರ್, ನಾಲ್ಕು ಥ್ರೆಡ್‌ನ ಈ ಪ್ರೊಸೆಸರ್‌ನಲ್ಲಿ ಒಂದು ಸಲ ಟ್ರೈನಿಂಗ್ ಹಾಕಿದರೆ ಬೆಳಗಾಗುತ್ತಿತ್ತು. ಅದೇ ಸಾಕೆಟ್‌ಗೆ ಹೊಂದುವ ರೈಜನ್ 5 5600ಜಿ, ಅಂದರೆ ಆರು ಕೋರ್, ಹನ್ನೆರಡು ಥ್ರೆಡ್, ಒಬ್ಬರ ಹತ್ತಿರ 7,000 ರೂಪಾಯಿಗೆ ಸಿಗುವುದಿತ್ತು. ತೊಂದರೆ ಒಂದೇ. ಬೋರ್ಡ್‌ನಲ್ಲಿದ್ದ ಬಯಾಸ್ 2019ರದ್ದು. 5600ಜಿ ಅಂಗಡಿಗೆ ಬಂದಿದ್ದು 2021ರಲ್ಲಿ. ತಾನು ಹುಟ್ಟಿದ ಮೇಲೆ ಬಂದ ಪ್ರೊಸೆಸರ್‌ನ ಗುರುತು ಆ ಬಯಾಸ್‌ಗೆ ಇಲ್ಲ. ಹಾಗೇ ಕೂರಿಸಿದರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಬರಲ್ಲ.

ದುಡ್ಡು ಕೇಳಲು ಅಕ್ಕನಿಗೆ ಫೋನ್ ಮಾಡಿದಾಗ, ಸ್ಪೀಕರ್ ಆನ್ ಮಾಡಿ ಮೂವರೂ ಕೂತಿದ್ದೆವು. ‘ಬಯಾಸ್ ಅಂದ್ರ ಏನು?’ ಅಂತ ಅವರು ಕೇಳಿದರು. ‘ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್ ಅಕ್ಕಾ’ ಅಂದೆವು. ‘ಅದು ಹೆಸರಾತು. ಅದು ಮಾಡೋದೇನು?’

ಹೇಳಲು ಶುರು ಮಾಡಿದೆವು. ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಪ್ರೊಸೆಸರ್‌ಗೆ ಏನೂ ಗೊತ್ತಿರಲ್ಲ. ರ‍್ಯಾಮ್ ಎಷ್ಟಿದೆ, ಅದನ್ನು ಯಾವ ವೇಗದಲ್ಲಿ ಓಡಿಸಬೇಕು, ಕೀಬೋರ್ಡ್ ಎಲ್ಲಿ, ಡಿಸ್ಕ್ ಎಲ್ಲಿ, ಯಾವುದೂ ಗೊತ್ತಿಲ್ಲ. ವಿಂಡೋಸ್ ಇರುವುದು ಡಿಸ್ಕ್‌ನಲ್ಲಿ, ಆ ಡಿಸ್ಕ್ ಹುಡುಕಲಿಕ್ಕೇ ಇನ್ನೊಂದು ಪ್ರೋಗ್ರಾಮ್ ಬೇಕು. ಆ ಪ್ರೋಗ್ರಾಮ್ ಮದರ್‌ಬೋರ್ಡ್ ಮೇಲಿನ ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ ಇರುತ್ತೆ. ಅದು ಎಲ್ಲವನ್ನೂ ಒಂದೊಂದಾಗಿ ಪರೀಕ್ಷಿಸಿ, ಸಿದ್ಧ ಮಾಡಿ, ಕೊನೆಗೆ ವಿಂಡೋಸ್ ಅಥವಾ ಲಿನಕ್ಸ್ ಕೈಗೆ ಒಪ್ಪಿಸುತ್ತೆ. ‘ಅಂದ್ರ ಮನ್ಯಾಗ ಎಲ್ಲಾರಿಗಿಂತ ಮೊದಲ ಎದ್ದು ಉಳಿದವರನ್ನ ಎಬ್ಬಸಾಕಿ ಇದ್ದಂಗ’ ಅಂದರು ಅಕ್ಕ. ನಾವು ಓದಿದ ಯಾವ ಟೆಕ್ಸ್ಟ್‌ಬುಕ್ಕಿನಲ್ಲೂ ಇಷ್ಟು ಚಿಕ್ಕ ಡೆಫಿನಿಷನ್ ಇಲ್ಲ.

ಭಯ ಯಾಕೆ ಅನ್ನುವುದೂ ಅದರಲ್ಲೇ ಇದೆ. ಒಂದು ಆ್ಯಪ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಮತ್ತೆ ಹಾಕಬಹುದು, ಹಾಕಲು ಆಪರೇಟಿಂಗ್ ಸಿಸ್ಟಮ್ ಎಚ್ಚರವಾಗಿದೆ. ಆಪರೇಟಿಂಗ್ ಸಿಸ್ಟಮ್ ಕೆಟ್ಟರೆ ಪೆನ್‌ಡ್ರೈವ್‌ನಿಂದ ಮತ್ತೆ ಹಾಕಬಹುದು, ಪೆನ್‌ಡ್ರೈವ್ ಓದಲು ಬಯಾಸ್ ಎಚ್ಚರವಾಗಿದೆ. ಬಯಾಸ್ ಅಪ್‌ಡೇಟ್ ಮಾಡುವಾಗ ಹಳೆಯದನ್ನು ಅಳಿಸಿ ಅದೇ ಚಿಪ್ ಮೇಲೆ ಹೊಸದನ್ನು ಬರೀತಾರೆ. ಅಳಿಸಿಯಾಗಿದೆ, ಬರೆದು ಮುಗಿದಿಲ್ಲ ಅನ್ನುವಾಗ ಕರೆಂಟ್ ಹೋದರೆ? ಎಬ್ಬಿಸುವವಳೇ ಏಳಲ್ಲ. ಇದನ್ನೇ ಎಲ್ಲರೂ ‘ಬ್ರಿಕ್ ಆಯ್ತು’ ಅನ್ನುವುದು. ಬೋರ್ಡ್ ಸುಟ್ಟಿರಲ್ಲ, ಒಡೆದಿರಲ್ಲ, ಆದರೂ ಇಟ್ಟಿಗೆ ಥರ ಸುಮ್ಮನೆ ಬಿದ್ದಿರುತ್ತೆ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಈ ಭಯ ಇರಲಿಲ್ಲ. ಆಗ ಬಯಾಸ್ ಇದ್ದಿದ್ದು ರಾಮ್‌ನಲ್ಲಿ (ರ‍್ಯಾಮ್ ಅಲ್ಲ, ಓದಲು ಮಾತ್ರ ಬರುವ ರಾಮ್). ಬದಲಾಯಿಸಬೇಕಿದ್ದರೆ ಚಿಪ್ಪನ್ನೇ ಕಿತ್ತು ಬೇರೆ ಹಾಕಬೇಕಿತ್ತು. ಆಮೇಲೆ ಫ್ಲ್ಯಾಶ್ ಚಿಪ್ ಬಂತು, ಸಾಫ್ಟ್‌ವೇರ್‌ನಿಂದಲೇ ತಿದ್ದುವ ಅನುಕೂಲ ಬಂತು. ಜೊತೆಗೆ ಸಾಫ್ಟ್‌ವೇರ್‌ನಿಂದಲೇ ಕೆಡಿಸುವ ಅನುಕೂಲವೂ ಬಂತು. ತೈವಾನಿನ ಚೆನ್ ಇಂಗ್-ಹಾವ್ ಎಂಬ ವಿದ್ಯಾರ್ಥಿ 1998ರಲ್ಲಿ ಬರೆದ ಸಿಐಎಚ್ ವೈರಸ್, 1999ರ ಏಪ್ರಿಲ್ 26ರಂದು ಸಿಡಿದಾಗ, ಡಿಸ್ಕ್ ಅಳಿಸಿದ್ದಲ್ಲದೆ ಎಷ್ಟೋ ಕಂಪ್ಯೂಟರ್‌ಗಳ ಬಯಾಸ್ ಮೇಲೂ ಕಸ ಬರೆದು ಹೋಯ್ತು. ಈಗಿನ ಕಂಪ್ಯೂಟರ್‌ಗಳಲ್ಲಿ ಇರುವುದು ನಿಜಕ್ಕೂ ಯುಇಎಫ್‌ಐ. ಅಪ್‌ಡೇಟ್ ಫೈಲ್‌ಗೆ ಡಿಜಿಟಲ್ ಸಹಿ ಇದೆಯಾ ಅಂತ ನೋಡಿಯೇ ಒಳಗೆ ಬಿಡುವ ವ್ಯವಸ್ಥೆ ಹೆಚ್ಚಿನವುಗಳಲ್ಲಿ ಇದೆ. ಹೆಸರು ಮಾತ್ರ ಬಾಯಲ್ಲಿ ಬಯಾಸ್ ಅಂತಲೇ ಉಳಿದಿದೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ಅಕ್ಕ ಎರಡು ಪ್ರಶ್ನೆ ಕೇಳಿದರು. ‘ಅದನ್ನ ಮಾಡ್ಲಿಲ್ಲಂದ್ರ ಏನಾಗತೈತಿ? ಮಾಡಿ ಕೆಟ್ರ ಯಾರ್ ಸರಿ ಮಾಡಿ ಕೊಡ್ತಾರ?’ ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ದುಡ್ಡು ಹಾಕ್ತೀನಿ ಅಂತ ಫೋನ್ ಇಟ್ಟರು. ನಮ್ಮ ಎರಡು ಪಕ್ಷಗಳ ಅಷ್ಟೂ ವಾದದಲ್ಲಿ ಈ ಎರಡು ಪ್ರಶ್ನೆ ಒಂದು ಸಲವೂ ಬಂದಿರಲಿಲ್ಲ.

ಮಾಡದಿದ್ದರೆ ಏನಾಗುತ್ತೆ?

ಈ ಪ್ರಶ್ನೆಗೆ ಉತ್ತರ ಇರುವುದು ಕಂಪನಿಯ ಸಪೋರ್ಟ್ ಪುಟದಲ್ಲಿ, ಪ್ರತಿ ವರ್ಷನ್ ಕೆಳಗೆ ಬರೆದಿರುವ ನಾಲ್ಕು ಸಾಲಿನಲ್ಲಿ. ಯಾರೂ ಓದದ ನಾಲ್ಕು ಸಾಲು. ಓದಿದರೆ ಅಪ್‌ಡೇಟ್‌ಗಳು ಹೆಚ್ಚು ಕಡಿಮೆ ನಾಲ್ಕು ಜಾತಿ ಅಂತ ಗೊತ್ತಾಗುತ್ತೆ.

ಒಂದು, ಹೊಸ ಪ್ರೊಸೆಸರ್‌ಗೆ ಸಪೋರ್ಟ್. ನಮ್ಮ ಡೆಸ್ಕ್‌ಟಾಪ್ ಈ ಜಾತಿ. ಇಲ್ಲಿ ಉತ್ತರ ಸ್ಪಷ್ಟ: ಮಾಡದಿದ್ದರೆ 7,000 ರೂಪಾಯಿಯ ಪ್ರೊಸೆಸರ್ ಡಬ್ಬಿಯಲ್ಲೇ ಕೂರುತ್ತೆ. ಪ್ರೊಸೆಸರ್ ಬದಲಿಸುವ ಆಸೆ ಇಲ್ಲದವರಿಗೆ ಇದೇ ಅಪ್‌ಡೇಟ್‌ನಿಂದ ಏನೂ ಸಿಗಲ್ಲ. ಇಲ್ಲಿ ಇನ್ನೊಂದು ವಿಷಯ ಇದೆ. ಹಳೆಯ ಎಷ್ಟೋ ಎಎಂ4 ಬೋರ್ಡ್‌ಗಳಲ್ಲಿ ಬಯಾಸ್ ಚಿಪ್ ಬರೀ 16 ಎಂಬಿ. ಹೊಸ ಪ್ರೊಸೆಸರ್‌ಗಳಿಗೆ ಜಾಗ ಮಾಡಲು ಕೆಲವು ಅಪ್‌ಡೇಟ್‌ಗಳಲ್ಲಿ ತುಂಬ ಹಳೆಯ ಪ್ರೊಸೆಸರ್‌ಗಳ ಸಪೋರ್ಟನ್ನೇ ತೆಗೆದಿದ್ದಾರೆ. ಈಗ ಕೂತಿರುವ ಪ್ರೊಸೆಸರ್ ಹೊಸ ವರ್ಷನ್‌ನ ಪಟ್ಟಿಯಲ್ಲಿ ಇನ್ನೂ ಇದೆಯಾ ಅಂತ ನೋಡಬೇಕು. 3200ಜಿ ಇತ್ತು.

ಎರಡು, ಹಾರ್ಡ್‌ವೇರನ್ನೇ ಕಾಪಾಡುವ ಅಪ್‌ಡೇಟ್. 2023ರ ಏಪ್ರಿಲ್‌ನಲ್ಲಿ ಕೆಲವು ರೈಜನ್ 7000ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟುಹೋದವು. ಎಎಂಡಿ ಬಯಾಸ್ ಅಪ್‌ಡೇಟ್ ಮೂಲಕ ಎಸ್‌ಒಸಿ ವೋಲ್ಟೇಜ್‌ಗೆ 1.3 ವೋಲ್ಟ್ ಮಿತಿ ಹಾಕಿತು. ಇಂಟೆಲ್‌ನ 13 ಮತ್ತು 14ನೇ ಜನರೇಶನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಕೆಲವು ಹೆಚ್ಚಿನ ವೋಲ್ಟೇಜ್‌ನಿಂದ ಸವೆದು ಕ್ರ್ಯಾಶ್ ಆಗುತ್ತಿದ್ದವು. 2024ರ ಆಗಸ್ಟ್‌ನಿಂದ ಅದಕ್ಕೆ ಹೊಸ ಮೈಕ್ರೊಕೋಡ್ ಬಯಾಸ್ ಮೂಲಕವೇ ಬಂತು. ಈಗಾಗಲೇ ಸವೆದ ಚಿಪ್ಪನ್ನು ಅದು ರಿಪೇರಿ ಮಾಡಲ್ಲ, ಮುಂದೆ ಸವೆಯದಂತೆ ತಡೆಯುತ್ತೆ ಅಷ್ಟೆ. ಇಂಥ ಕಂಪ್ಯೂಟರ್ ಇದ್ದವರು ‘ಮುಟ್ಟಬೇಡ’ ಪಕ್ಷದ ಮಾತು ಕೇಳಿ ಸುಮ್ಮನಿದ್ದರೆ, ಸುಮ್ಮನಿರುವುದೇ ಅಪಾಯ.

ಮೂರು, ಸೆಕ್ಯೂರಿಟಿ. 2023ರ ಡಿಸೆಂಬರ್‌ನಲ್ಲಿ ಬೈನರ್ಲಿ ಎಂಬ ಸಂಸ್ಥೆಯ ಸಂಶೋಧಕರು ‘ಲೋಗೋಫೇಲ್’ ಅಂತ ಒಂದು ದೋಷಗಳ ಗುಂಪನ್ನೇ ಹೊರಗಿಟ್ಟರು. ಆನ್ ಮಾಡಿದಾಗ ಕಂಪನಿಯ ಲೋಗೊ ತೋರಿಸುತ್ತಲ್ಲ, ಆ ಚಿತ್ರವನ್ನು ಓದುವ ಕೋಡ್‌ನಲ್ಲೇ ತೂತು. ಕುತಂತ್ರದ ಚಿತ್ರವೊಂದನ್ನು ಅಲ್ಲಿ ಸೇರಿಸಿದರೆ ಆಪರೇಟಿಂಗ್ ಸಿಸ್ಟಮ್ ಏಳುವ ಮುಂಚೆಯೇ ಕಳ್ಳ ಒಳಗೆ. ವಿಂಡೋಸ್ ಮತ್ತೆ ಹಾಕಿದರೂ ಇದು ಹೋಗಲ್ಲ. ಹಾಸನದವನ ಲ್ಯಾಪ್‌ಟಾಪ್‌ಗೆ ಬಂದಿದ್ದ ಅಪ್‌ಡೇಟ್ ಈ ಜಾತಿಯದು. ತುರ್ತು ಅಲ್ಲ, ಆದರೆ ಬೇಕು.

ನಾಲ್ಕು, ನಿಮಗೆ ನಿಜವಾಗಿ ಇರುವ ಒಂದು ತೊಂದರೆಯ ಹೆಸರು ಆ ಸಾಲುಗಳಲ್ಲಿ ಇದ್ದರೆ. ಸ್ಲೀಪ್‌ನಿಂದ ಏಳದಿರುವುದು, ಒಂದು ಯುಎಸ್‌ಬಿ ಪೋರ್ಟ್ ಕಾಣದಿರುವುದು, ಹೊಸ ರ‍್ಯಾಮ್ ಹೊಂದದಿರುವುದು, ಹೀಗೆ.

ಈ ನಾಲ್ಕರಲ್ಲಿ ಯಾವುದೂ ಅಲ್ಲ, ಕಂಪ್ಯೂಟರ್ ಚೆನ್ನಾಗಿದೆ, ಗೇಮ್‌ನಲ್ಲಿ ಎರಡು ಫ್ರೇಮ್ ಜಾಸ್ತಿ ಬರಬಹುದೇನೋ ಅಂತ ಮಾಡುವುದಾದರೆ ಅದಕ್ಕೆ ಕನ್ನಡದಲ್ಲಿ ಆಗಲೇ ಒಂದು ಗಾದೆ ಇದೆ: ಇರಲಾರದೆ ಇರುವೆ ಬಿಟ್ಕೊಂಡ ಹಾಗೆ.

ಕೆಟ್ಟರೆ ಯಾರು ಸರಿ ಮಾಡಿ ಕೊಡ್ತಾರೆ?

ಯೂಟ್ಯೂಬ್‌ನಲ್ಲಿ ‘ಏನೂ ಆಗಲ್ಲ, ಧೈರ್ಯವಾಗಿ ಮಾಡಿ’ ಅನ್ನುವವರ ಹಿಂದಿನ ಶೆಲ್ಫ್ ನೋಡಿ. ಆರೇಳು ಮದರ್‌ಬೋರ್ಡ್ ಡಬ್ಬಿ ಜೋಡಿಸಿರುತ್ತಾರೆ. ಒಂದು ಹೋದರೆ ಅದೂ ಅವರಿಗೊಂದು ವಿಡಿಯೊ. ನಮ್ಮ ರೂಮಿನಲ್ಲಿ ಬೋರ್ಡ್ ಇರುವುದು ಒಂದು, ಅದರ ಹಿಂದೆ ಎಷ್ಟೋ ಬ್ಲೌಸ್‌ಗಳ ಹೊಲಿಗೆ ಇದೆ. ಅಪ್‌ಡೇಟ್ ಕೆಡುವ ಸಾಧ್ಯತೆ ಇಬ್ಬರಿಗೂ ಒಂದೇ ಇರಬಹುದು, ನಷ್ಟ ಒಂದೇ ಅಲ್ಲ. ಅದಕ್ಕೇ ಯಾರದೋ ಧೈರ್ಯ ಸಾಲ ತಗೊಳ್ಳುವ ಬದಲು, ವಾಪಸ್ ಬರುವ ದಾರಿ ಮೊದಲು ಹುಡುಕಿದೆವು.

ದಾರಿಗಳು ಇವೆ. ಕೆಲವು ಬೋರ್ಡ್‌ಗಳ ಹಿಂಭಾಗದಲ್ಲಿ ‘ಫ್ಲ್ಯಾಶ್‌ಬ್ಯಾಕ್’ ಬಟನ್ ಇರುತ್ತೆ. ಪವರ್ ಮತ್ತು ಪೆನ್‌ಡ್ರೈವ್ ಇದ್ದರೆ ಸಾಕು, ಪ್ರೊಸೆಸರ್ ಇಲ್ಲದೆಯೂ ಬಯಾಸ್ ಬರೆಯಬಹುದು. ಕೆಲವು ಬೋರ್ಡ್‌ಗಳಲ್ಲಿ ಎರಡು ಬಯಾಸ್ ಚಿಪ್ ಇರುತ್ತೆ, ಒಂದು ಕೆಟ್ಟರೆ ಇನ್ನೊಂದು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಿರ್ದಿಷ್ಟ ಕೀಗಳನ್ನು ಒತ್ತಿಹಿಡಿದು ಆನ್ ಮಾಡಿದರೆ ರಿಕವರಿ ಶುರುವಾಗುತ್ತೆ. ನಮ್ಮದು ಕಡಿಮೆ ಬೆಲೆಯ ಬೋರ್ಡ್, ಬಟನ್ನೂ ಇಲ್ಲ, ಎರಡನೇ ಚಿಪ್ಪೂ ಇಲ್ಲ.

ಕೊನೆಯ ದಾರಿ ಪ್ರೋಗ್ರಾಮರ್. ಸಿಎಚ್341ಎ ಅನ್ನುವ ಒಂದು ಪುಟ್ಟ ಯುಎಸ್‌ಬಿ ಸಾಧನ, ಜೊತೆಗೆ ಬಟ್ಟೆ ಕ್ಲಿಪ್ ಥರದ್ದೇ ಒಂದು ಕ್ಲಿಪ್. ಅದನ್ನು ಎಂಟು ಕಾಲಿನ ಚಿಪ್ಪಿಗೆ ಕಚ್ಚಿಸಿ, ಬೇರೆ ಕಂಪ್ಯೂಟರ್‌ನಿಂದ ನೇರವಾಗಿ ಬರೆಯುತ್ತಾರೆ. ಚಿಪ್ 3.3 ವೋಲ್ಟ್‌ದೋ 1.8 ವೋಲ್ಟ್‌ದೋ ಅಂತ ನೋಡಿಕೊಂಡು ಮಾಡಬೇಕು. ಊರಿನ ಮಾರ್ಕೆಟ್‌ನಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗೆ ಹೋಗಿ, ಏನೂ ಕೆಡದೇ ಇರುವಾಗಲೇ ಕೇಳಿದೆವು: ‘ಅಣ್ಣಾ, ಬಯಾಸ್ ಹೋದ್ರೆ ಚಿಪ್ ಬರೆದು ಕೊಡ್ತೀರಾ?’ ಅವರು ನಮ್ಮನ್ನು ವಿಚಿತ್ರವಾಗಿ ನೋಡಿದರು. ‘ಕೊಡ್ತೀನಿ. ಆರುನೂರು ಆಗುತ್ತೆ. ಬರ್ತಾ ಬೋರ್ಡ್ ಹೆಸರು, ರಿವಿಷನ್ ನಂಬರ್ ಬರ್ಕೊಂಡು ಬನ್ನಿ.’ ಅಷ್ಟಕ್ಕೆ ಅಕ್ಕನ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿತು: ಹೆಸರಿರುವ ಒಂದು ಅಂಗಡಿ, 600 ರೂಪಾಯಿ. ಸಾವಿರಾರು ರೂಪಾಯಿಯ ಬೋರ್ಡ್ ಹೋಗುತ್ತೆ ಅನ್ನುವ ಭಯ 600 ರೂಪಾಯಿಯ ಭಯಕ್ಕೆ ಇಳಿಯಿತು. ಅಕ್ಕನಿಗೆ ಹೇಳಿದೆವು. ಸಂಜೆಗೆ ದುಡ್ಡು ಬಂತು.

ಮಾಡಿದ್ದು ಹೀಗೆ

ಮೊದಲು, ಬೋರ್ಡ್‌ನ ಪೂರ್ತಿ ಹೆಸರು. ‘ಬಿ450’ ಅಂತ ಹೆಸರಿನಲ್ಲಿರುವ ಬೋರ್ಡ್‌ಗಳು ಒಂದೇ ಕಂಪನಿಯಲ್ಲೇ ಹತ್ತಾರು ಇವೆ. ಕೊನೆಯ ಒಂದಕ್ಷರ ಬೇರೆಯಾದರೂ ಬಯಾಸ್ ಬೇರೆ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಬೋರ್ಡ್ ಹೆಸರು, ಬಯಾಸ್ ವರ್ಷನ್, ದಿನಾಂಕ ಎಲ್ಲ ಸಿಗುತ್ತೆ. ಆದರೂ ಕ್ಯಾಬಿನೆಟ್ ತೆರೆದು ಟಾರ್ಚ್ ಹಾಕಿ, ಬೋರ್ಡ್ ಮೇಲೆ ಅಚ್ಚಾಗಿರುವ ರಿವಿಷನ್ ನಂಬರ್ ಓದಿಕೊಂಡೆವು.

ಫೈಲ್ ಇಳಿಸಿಕೊಂಡಿದ್ದು ಬೋರ್ಡ್ ಕಂಪನಿಯ ಪುಟದಿಂದ ಮಾತ್ರ. ‘ಡ್ರೈವರ್ ಅಪ್‌ಡೇಟರ್’ ಅಂತ ತಾನಾಗೇ ಬರುವ ಯಾವ ಸಾಫ್ಟ್‌ವೇರೂ ಬೇಡ. ಬೀಟಾ ಅಂತ ಬರೆದಿದ್ದ ಹೊಚ್ಚ ಹೊಸದನ್ನು ಬಿಟ್ಟು, ನಮ್ಮ ಪ್ರೊಸೆಸರ್‌ಗೆ ಸಾಕಾಗುವ ಸ್ಥಿರ ವರ್ಷನ್ ಆರಿಸಿದೆವು. ಅದರ ಕೆಳಗೆ ಒಂದು ಸಾಲು ಇತ್ತು: ಇಷ್ಟು ಹಳೆಯ ವರ್ಷನ್‌ನಿಂದ ಬರುವವರು ಮೊದಲು ಮಧ್ಯದ ಒಂದು ವರ್ಷನ್ ಹಾಕಿ, ಆಮೇಲೆ ಇದನ್ನು ಹಾಕಿ. ಹಾಗಾಗಿ ನಮ್ಮದು ಎರಡು ಮೆಟ್ಟಿಲು. ಎರಡೂ ಫೈಲ್‌ಗಳ ಚೆಕ್‌ಸಮ್ ಪುಟದಲ್ಲಿ ಕೊಟ್ಟಿದ್ದಕ್ಕೆ ಹೊಂದುತ್ತಾ ಅಂತ ನೋಡಿ, ಫ್ಯಾಟ್32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಹಾಕಿದೆವು.

ಆಮೇಲೆ ಬಯಾಸ್ ಒಳಗೆ ಹೋಗಿ ಪ್ರತಿ ಪುಟದ ಫೋಟೊ ತೆಗೆದೆವು. ಅಪ್‌ಡೇಟ್ ಆದ ಮೇಲೆ ಸೆಟ್ಟಿಂಗ್‌ಗಳು ಡಿಫಾಲ್ಟ್‌ಗೆ ಹೋಗುತ್ತವೆ. ರ‍್ಯಾಮ್ ವೇಗ ಇಳಿಯುತ್ತೆ, ಬೂಟ್ ಕ್ರಮ ಬದಲಾಗುತ್ತೆ. ವರ್ಚುವಲೈಸೇಶನ್ ಆಫ್ ಆದರೆ ಲ್ಯಾಬ್ ದಿನ ಬೆಳಗ್ಗೆ ವರ್ಚುವಲ್‌ಬಾಕ್ಸ್ ಏಳಲ್ಲ, ಆಗ ‘ಅಪ್‌ಡೇಟ್‌ನಿಂದ ಕೆಟ್ಟೋಯ್ತು’ ಅಂತ ಹೊಸ ಕಥೆ ಹುಟ್ಟುತ್ತೆ.

ಕರೆಂಟ್ ವಿಷಯಕ್ಕೆ ಬಂದರೆ, ಹಾಸ್ಟೆಲ್‌ಗೆ ಜನರೇಟರ್ ಇದೆ. ಆದರೆ ಕರೆಂಟ್ ಹೋಗಿ ಜನರೇಟರ್ ಹತ್ತುವ ಆ ಕೆಲವು ಸೆಕೆಂಡಿನಲ್ಲಿ ಡೆಸ್ಕ್‌ಟಾಪ್ ಆಫ್ ಆಗಿರುತ್ತೆ. ಗೇಟ್ ಎದುರಿನ ಜೆರಾಕ್ಸ್ ಅಂಗಡಿ ಅಣ್ಣನಿಗೆ ಭಾನುವಾರ ರಜೆ. ಅವರ ಯುಪಿಎಸ್ ಒಂದು ದಿನಕ್ಕೆ ಕೇಳಿ ತಂದೆವು. ಯುಪಿಎಸ್ ಇದೆ ಅನ್ನುವುದು ಬೇರೆ, ಅದು ಎಷ್ಟು ಹೊತ್ತು ತಡೆಯುತ್ತೆ ಅನ್ನುವುದು ಬೇರೆ. ಅಪ್‌ಡೇಟ್ ಶುರು ಮಾಡುವ ಮುಂಚೆ, ಕಂಪ್ಯೂಟರ್ ಮತ್ತು ಮಾನಿಟರ್ ಆನ್ ಇಟ್ಟು, ಗೋಡೆಯ ಸ್ವಿಚ್ ಆಫ್ ಮಾಡಿ ಗಡಿಯಾರ ನೋಡುತ್ತಾ ಕೂತೆವು. ಹದಿನೈದು ನಿಮಿಷ ತಡೆಯಿತು. ಮತ್ತೆ ಪೂರ್ತಿ ಚಾರ್ಜ್ ಆಗಲು ಬಿಟ್ಟು ತಿಂಡಿಗೆ ಹೋದೆವು.

ಬರೆಯುವ ಕೆಲಸವನ್ನು ವಿಂಡೋಸ್ ಒಳಗಿಂದ ಮಾಡದೆ, ಬಯಾಸ್‌ನಲ್ಲೇ ಇರುವ ಟೂಲ್‌ನಿಂದ ಮಾಡಿದೆವು. ವಿಂಡೋಸ್ ನಡುವೆ ಹ್ಯಾಂಗ್ ಆದರೂ ಕಷ್ಟ, ಆ್ಯಂಟಿವೈರಸ್ ಅಡ್ಡ ಬಂದರೂ ಕಷ್ಟ. ಎಂಟರ್ ಒತ್ತಿದ ಮೇಲೆ ಮೂವರೂ ಕೈಕಟ್ಟಿ ಕೂತೆವು, ಅಕ್ಷರಶಃ. ಮೇಜಿನ ಹತ್ತಿರ ಯಾರೂ ಓಡಾಡಬಾರದು ಅಂತ ಬಾಗಿಲಿಗೆ ಚಿಲಕ ಹಾಕಿದ್ದೆವು. ಪರ್ಸೆಂಟೇಜ್ ಏರಿತು, ನೂರಾಯಿತು, ಕಂಪ್ಯೂಟರ್ ರೀಸ್ಟಾರ್ಟ್ ಆಯಿತು, ಸ್ಕ್ರೀನ್ ಕಪ್ಪಾಯಿತು. ಕಪ್ಪಾಗಿಯೇ ಇತ್ತು.

ಈ ಜಾಗ ಎಲ್ಲರೂ ತಿಳಿದಿರಬೇಕಾದ್ದು. ಅಪ್‌ಡೇಟ್ ಆದ ಮೇಲೆ ಮೊದಲ ಸಲ ಏಳುವಾಗ ಬಯಾಸ್ ರ‍್ಯಾಮನ್ನು ಹೊಸದಾಗಿ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತೆ. ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಡಿಡಿಆರ್5 ರ‍್ಯಾಮ್ ಇದ್ದರೆ ಕೆಲವೊಮ್ಮೆ ಹಲವು ನಿಮಿಷವೇ ಬೇಕು. ಆಗ ಹೆದರಿ ಪವರ್ ಬಟನ್ ಒತ್ತಿ ಆಫ್ ಮಾಡುವ ಆಸೆ ಜೋರಾಗಿ ಬರುತ್ತೆ. ನಾವು ಹದಿನೈದು ನಿಮಿಷ ಮುಟ್ಟುವುದಿಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಎರಡನೇ ನಿಮಿಷಕ್ಕೆ ಲೋಗೊ ಬಂತು. ಆ ಲೋಗೊ ನೋಡಿ ಇಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಎರಡನೇ ಮೆಟ್ಟಿಲನ್ನೂ ಹೀಗೇ ಹತ್ತಿದೆವು. ಹೊಸ ಪ್ರೊಸೆಸರನ್ನು ಅವತ್ತೇ ಕೂರಿಸಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಇಟ್ಟುಕೊಂಡಿದ್ದೆವು. ಹೊಸ ಬಯಾಸ್, ಹಳೆ ಪ್ರೊಸೆಸರ್‌ನಲ್ಲಿ ಒಂದು ರಾತ್ರಿ ಟ್ರೈನಿಂಗ್ ಓಡಿಸಿದೆವು. ಬೆಳಗ್ಗೆ ಎಲ್ಲ ಸರಿಯಿದೆ ಅಂತಾದ ಮೇಲೆ 5600ಜಿ ಕೂರಿಸಿದೆವು. ಆನ್ ಮಾಡಿದ ತಕ್ಷಣ ಸ್ಕ್ರೀನ್ ಮೇಲೆ ಪ್ರಶ್ನೆ: ಹೊಸ ಪ್ರೊಸೆಸರ್ ಬಂದಿದೆ, ಎಫ್‌ಟಿಪಿಎಂ ರೀಸೆಟ್ ಮಾಡಲೇ? ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇದ್ದು, ರಿಕವರಿ ಕೀ ಕೈಯಲ್ಲಿ ಇಲ್ಲದಿದ್ದರೆ ಇಲ್ಲಿ ‘ಎಸ್’ ಅಂದವರ ಡೇಟಾ ಒಳಗೇ ಉಳಿಯಬಹುದು. ನಮ್ಮ ಡೆಸ್ಕ್‌ಟಾಪ್‌ಗೆ ಬೀಗ ಇರಲಿಲ್ಲ.

ಹಾಸನದವನ ಲ್ಯಾಪ್‌ಟಾಪ್‌ಗೆ ಇತ್ತು. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಾವು ಹೇಳದೆಯೇ ಈ ಬೀಗ ಬಿದ್ದಿರುತ್ತೆ. ಬಯಾಸ್ ಬದಲಾದರೆ ‘ಯಾರೋ ಬೀಗ ಮುಟ್ಟಿದ್ದಾರೆ’ ಅಂತ ಅನುಮಾನಪಟ್ಟು 48 ಅಂಕಿಯ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಸೆಟಪ್ ಮಾಡಿದ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತೆ, ಆ ಅಕೌಂಟ್ ಯಾವುದು ಅನ್ನುವುದು ಬಹಳ ಜನಕ್ಕೆ ನೆನಪಿರಲ್ಲ. ಕೀಯನ್ನು ಕಾಗದದ ಮೇಲೆ ಬರೆದುಕೊಂಡು, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿ, ಚಾರ್ಜರ್ ಹಾಕಿ, ಇಂಟರ್ನಲ್ಸ್ ಮುಗಿದ ಮಾರನೇ ದಿನ ಅಪ್‌ಡೇಟ್ ಮಾಡಿದೆವು. ಪರೀಕ್ಷೆಯ ಹಿಂದಿನ ರಾತ್ರಿ ಯಾವ ಸೆಕ್ಯೂರಿಟಿ ಅಪ್‌ಡೇಟ್ ಕೂಡ ಅಷ್ಟು ತುರ್ತಲ್ಲ.

ಬೆಂಗಳೂರಿನವನ ಹಳೆ ಲ್ಯಾಪ್‌ಟಾಪ್‌ಗೂ ಸೆಕ್ಯೂರಿಟಿ ಅಪ್‌ಡೇಟ್ ಇದೆ. ಅದನ್ನು ಮಾಡಿಲ್ಲ. ಬ್ಯಾಟರಿ ಹತ್ತು ನಿಮಿಷ ನಿಲ್ಲಲ್ಲ, ಹಾಗಾಗಿ ಕಂಪನಿಯ ಟೂಲೇ ‘ಆಗಲ್ಲ’ ಅನ್ನುತ್ತೆ. ಅದನ್ನು ಬಲವಂತವಾಗಿ ದಾಟಿಸುವ ಉಪಾಯಗಳು ಇವೆ, ಆದರೆ ಆ ತಡೆ ಇಟ್ಟಿರುವುದಕ್ಕೆ ಕಾರಣ ಇದೆ. ಹೊಸ ಬ್ಯಾಟರಿಗೆ ದುಡ್ಡು ಕೂಡುತ್ತಿದೆ. ಬ್ಯಾಟರಿ ಬಂದ ದಿನ ಮತ್ತೆ ಯೋಚನೆ.

ಈಗ ಡೆಸ್ಕ್‌ಟಾಪ್‌ನಲ್ಲಿ ಟ್ರೈನಿಂಗ್ ಮಧ್ಯರಾತ್ರಿಗೇ ಮುಗಿಯುತ್ತೆ, ನಮಗೂ ನಿದ್ದೆ ಸಿಗುತ್ತೆ. ಕ್ಯಾಬಿನೆಟ್ ಒಳಗೆ ಒಂದು ಚೀಟಿ ಅಂಟಿಸಿದ್ದೀವಿ: ಬೋರ್ಡ್ ಹೆಸರು, ರಿವಿಷನ್, ಬಯಾಸ್ ವರ್ಷನ್, ಹಾಕಿದ ದಿನಾಂಕ, ಯಾಕೆ ಹಾಕಿದ್ದು, ರಿಪೇರಿ ಅಂಗಡಿಯ ಫೋನ್ ನಂಬರ್. ಪೆನ್‌ಡ್ರೈವ್ ಇನ್ನೂ ನಮ್ಮ ಹತ್ತಿರವೇ ಇದೆ. ಜೆರಾಕ್ಸ್ ಅಣ್ಣ ಯುಪಿಎಸ್ ಭಾನುವಾರ ಮಾತ್ರ ಕೊಡ್ತಾರೆ. ಅಪ್‌ಡೇಟ್ ಮಾಡಬೇಕು ಅನ್ನುವವರು ರೂಮಿಗೆ ಬನ್ನಿ, ಕೂತು ಮಾಡೋಣ. ಬರುವಾಗ ಅಕ್ಕನ ಎರಡೂ ಪ್ರಶ್ನೆಗೆ ಉತ್ತರ ತಗೊಂಡು ಬನ್ನಿ.